ಹುರಿದುಂಬಿಸು: ಪದದ ಅರ್ಥ ಮತ್ತು ಮೂಲ

ಹುರಿದುಂಬಿಸು ಎಂಬುದು ಕೆಲಸಕ್ಕೋ ಕಾಳಗಕ್ಕೋ ಆಟಕ್ಕೋ ಹೋರಾಟಕ್ಕೋ ಇಳಿಯಬೇಕಾದವರಲ್ಲಿ ಮಾತಿನಿಂದ, ಕೂಗಿನಿಂದ ಅಥವಾ ಜೊತೆಗೆ ನಿಲ್ಲುವುದರಿಂದ ಧೈರ್ಯ, ಉತ್ಸಾಹ, ಛಲ ಮೂಡಿಸುವುದನ್ನು ಹೇಳುವ ಕನ್ನಡ ಕ್ರಿಯಾಪದ. ಪತ್ರಿಕೆಯ ಕ್ರೀಡಾಪುಟ, ಚುನಾವಣೆಯ ವರದಿ, ಶಾಲಾ ವಾರ್ಷಿಕೋತ್ಸವದ ಭಾಷಣ, ಕಾರ್ಖಾನೆಯ ಗೇಟಿನ ಮುಂದಿನ ಕಾರ್ಮಿಕರ ಸಭೆ, ಎಲ್ಲ ಕಡೆಯೂ ಇದು ದಿನಬಳಕೆಯ ಮಾತು. ಧೈರ್ಯ ಕೊಡುವುದನ್ನು ಹೇಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಧೈರ್ಯ ಹೇಳುತ್ತೇವೆ, ಧೈರ್ಯ ತುಂಬುತ್ತೇವೆ, ಅಭಯ ನೀಡುತ್ತೇವೆ, ಪ್ರೋತ್ಸಾಹಿಸುತ್ತೇವೆ, ಉತ್ತೇಜಿಸುತ್ತೇವೆ, ಬೆನ್ನು ತಟ್ಟುತ್ತೇವೆ. ಇವುಗಳ ನಡುವೆ ಹುರಿದುಂಬಿಸು ನೂಲು ಮತ್ತು ಹಗ್ಗದ ಕಸುಬಿನಿಂದ ಮೇಲೆದ್ದು ಬಂದ ಮಾತು. ಧೈರ್ಯವೆಂಬುದು ಕೊಡುವವರಿಂದ ಪಡೆಯುವವರಿಗೆ ದಾಟುವ ಪದಾರ್ಥವಲ್ಲ. ಪಡೆಯುವವರಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡಿರುವ ಬಲದ ಎಳೆಗಳು ಒಂದಾಗಿ ಬಿಗಿಗೊಳ್ಳುವ ಸ್ಥಿತಿ. ಈ ತಿಳಿವಳಿಕೆ ಪದದ ರಚನೆಯಲ್ಲಿಯೇ ಇದೆ ಎಂಬುದು ಈ ಲೇಖನದ ವಾದ. ಮೊದಲು ಪದದ ರೂಪವನ್ನೂ ಬಂಧುಪದಗಳನ್ನೂ ನೋಡಿ, ಆಮೇಲೆ ಅದರ ಬಳಕೆಯ ಕಡೆಗೆ ಹೋಗಬಹುದು.

ಪದದಲ್ಲಿ ಮೂರು ಅಂಶಗಳಿವೆ: ಹುರಿ ಎಂಬ ನಾಮಪದ, ತುಂಬು ಎಂಬ ಧಾತು, ಮಾಡಿಸುವ ಅರ್ಥ ಕೊಡುವ ‘ಇಸು’ ಪ್ರತ್ಯಯ. ಸಮಾಸದಲ್ಲಿ ಎರಡನೆಯ ಪದದ ಮೊದಲಿನ ಕ, ತ, ಪಗಳು ಗ, ದ, ಬಗಳಾಗುವುದು ಕನ್ನಡದ ಹಳೆಯ ನಿಯಮ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ವಿವರಿಸಿದ್ದಾನೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ ಆದಂತೆ, ಹುರಿ ಮತ್ತು ತುಂಬಿಸು ಸೇರಿ ಹುರಿದುಂಬಿಸು ಆಗಿದೆ. ಮೈದುಂಬು, ಮನದುಂಬು ಎಂಬ ಮಾತುಗಳೂ ಇದೇ ಅಚ್ಚಿನವು. ಹುರಿಯ ಹಳಗನ್ನಡ ರೂಪ ಪುರಿ. ಪಾಲು ಹಾಲಾಗಿ, ಪುಲಿ ಹುಲಿಯಾಗಿ, ಪೊಲ ಹೊಲವಾಗಿ ಬದಲಾದ ಕಾಲಘಟ್ಟದಲ್ಲಿ ಪುರಿಯೂ ಹುರಿಯಾಯಿತು. ನೆರೆಯ ಭಾಷೆಗಳಲ್ಲಿ ಈ ಪಕಾರ ಇಂದಿಗೂ ಉಳಿದಿದೆ. ತಮಿಳಿನಲ್ಲಿ ಪುರಿ ಎಂದರೆ ಎಳೆ, ತಿರುವು, ಹಗ್ಗ. ಜನಿವಾರಕ್ಕೆ ಅಲ್ಲಿ ಮುಪ್ಪುರಿ ನೂಲ್, ಅಂದರೆ ಮೂರು ಹುರಿಯ ನೂಲು, ಎಂಬ ಹೆಸರಿದೆ. ತೆಲುಗಿನಲ್ಲಿಯೂ ಪುರಿ ಎಂದರೆ ನೂಲಿನ ಹುರಿಯೇ. ಬರೋ ಮತ್ತು ಎಮೆನೋ ಸಿದ್ಧಪಡಿಸಿದ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶ (1961, ಪರಿಷ್ಕೃತ ಆವೃತ್ತಿ 1984) ಇವನ್ನೆಲ್ಲ ಒಂದೇ ಕುಟುಂಬವಾಗಿ ಜೋಡಿಸುತ್ತದೆ.

ನಮ್ಮ ಚರ್ಚೆಗೆ ಎಲ್ಲಕ್ಕಿಂತ ಹೆಚ್ಚಿನ ಬೆಳಕು ಕೊಡುವುದು ತೆಲುಗಿನ ‘ಪುರಿಕೊಲ್ಪು’ ಎಂಬ ಕ್ರಿಯಾಪದ. ಪ್ರೇರೇಪಿಸು, ಹುಮ್ಮಸ್ಸು ಹತ್ತಿಸು, ಎತ್ತಿಕಟ್ಟು ಎಂಬುದು ಅದರ ಅರ್ಥ. ಮೊದಲ ಭಾಗ ಪುರಿಯೇ. ಎರಡನೆಯ ಭಾಗ ಮಾತ್ರ ಕನ್ನಡದ್ದಕ್ಕಿಂತ ಬೇರೆ. ಗಡಿ ಹಂಚಿಕೊಂಡ ಎರಡು ಭಾಷೆಗಳು ಬೇರೆ ಬೇರೆ ಕ್ರಿಯಾಪದ ಸೇರಿಸಿಯೂ ನೂಲಿನ ಹುರಿಯಿಂದಲೇ ಮನಸ್ಸನ್ನು ಹುರುಪುಗೊಳಿಸುವ ಅರ್ಥಕ್ಕೆ ಬಂದು ಮುಟ್ಟಿವೆ. ಒಂದು ಭಾಷೆಯಲ್ಲಿ ಮಾತ್ರ ಹೀಗಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಎರಡರಲ್ಲಿಯೂ ಆಗಿರುವುದರಿಂದ, ಈ ಸೀಮೆಯ ಜನ ಹುರಿಯಲ್ಲಿ ಬಲವನ್ನು ಕಂಡದ್ದು ತೀರ ಹಳೆಯ ಕಾಲದಿಂದ ಎಂದು ಹೇಳಲು ಧೈರ್ಯ ಬರುತ್ತದೆ.

ಹುರಿ ಅಂದರೇನು ಎಂಬುದನ್ನು ಕಸುಬಿನವರ ಕೈಯಲ್ಲಿಯೇ ನೋಡಬೇಕು. ಪಶ್ಚಿಮ ಬೆಂಗಳೂರಿನ ತುದಿಯಲ್ಲಿರುವ ಕೆಂಗೇರಿಗೂ ರೇಷ್ಮೆಗೂ ಹಳೆಯ ನಂಟಿದೆ. 1860ರ ದಶಕದಲ್ಲಿ ಇಟಲಿಯ ಡಿ ವೆಕ್ಕಿ ಎಂಬಾತ ರೇಷ್ಮೆಗೂಡಿನಿಂದ ನೂಲು ತೆಗೆಯುವ ಉಗಿಯಂತ್ರದ ಕಾರ್ಖಾನೆಯನ್ನು ಅಲ್ಲಿ ನಡೆಸಿದ್ದ. ಗೂಡಿನಿಂದ ಬರುವ ಒಂಟಿ ಎಳೆ ನೂರಾರು ಮೀಟರು ಉದ್ದವಿರುತ್ತದೆ, ಸಾವಿರ ಮೀಟರು ದಾಟುವುದೂ ಉಂಟು; ಆದರೆ ಕಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ಸಪೂರ. ಹಾಗಾಗಿ ನೂಲು ಬಿಚ್ಚಾಣಿಕೆಯಲ್ಲಿ ಹಲವು ಗೂಡುಗಳ ಎಳೆಗಳನ್ನು ಬಿಸಿನೀರಿನಿಂದ ಒಟ್ಟಿಗೆ ಎತ್ತಿ ಒಂದು ನೂಲಾಗಿ ಸುತ್ತುತ್ತಾರೆ. ಈ ಹಂತದಲ್ಲಿ ಎಳೆಗಳನ್ನು ಹಿಡಿದಿಡುವುದು ರೇಷ್ಮೆಯ ಸಹಜವಾದ ಅಂಟು. ತೂಕದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಅದೇ. ಬಣ್ಣ ಹಾಕುವ ಮುಂಚೆ ಸೋಪಿನ ನೀರಿನಲ್ಲಿ ಕುದಿಸಿದಾಗ ಆ ಅಂಟು ಕರಗಿಹೋಗುತ್ತದೆ. ಎಳೆಗಳು ಬರಿಯ ಅಂಟಿನ ಬಲದಲ್ಲಿದ್ದರೆ ಆಗ ಚೆದರಿ ನಾರುನಾರಾಗುತ್ತವೆ. ಅದಕ್ಕೇ ಕುದಿಸುವ ಮೊದಲು ನೂಲನ್ನು ಹುರಿ ಮಾಡಬೇಕು. ದೊಡ್ಡಬಳ್ಳಾಪುರದಂಥ ನೇಕಾರಿಕೆಯ ಊರುಗಳಲ್ಲಿ ಇದಕ್ಕೆಂದೇ ಹುರಿ ಮಿಷನ್‌ಗಳಿವೆ. ಸಾಲಾಗಿ ನಿಂತ ಕದಿರುಗಳು ಗಿರ್ರನೆ ತಿರುಗಿ ನೂಲಿಗೆ ಸುತ್ತಿನ ಮೇಲೆ ಸುತ್ತು ಕೊಡುತ್ತವೆ. ಮೈಸೂರು ರೇಷ್ಮೆಯ ಕ್ರೇಪ್ ಸೀರೆಗೆ ಆ ಜೋಲುವ ಮೃದುತ್ವ, ಮುದುರದ ಗುಣ ಬರುವುದು ಬಲವಾಗಿ ಹುರಿ ಮಾಡಿದ ನೂಲಿನಿಂದ. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಸರ್ಕಾರಿ ನೇಯ್ಗೆ ಕಾರ್ಖಾನೆಯ ಹೆಸರು ನಿಂತಿರುವುದೂ ಅಂಥ ಬಟ್ಟೆಯ ಮೇಲೆಯೇ.

ಹುರಿ ನೂಲಿಗೆ ಹೊಸದಾಗಿ ಏನನ್ನೂ ಸೇರಿಸುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ತೂಕ ಹೆಚ್ಚುವುದಿಲ್ಲ, ಉದ್ದ ಒಂದಿಷ್ಟು ಕಡಿಮೆಯೇ ಆಗುತ್ತದೆ. ಬದಲಾಗುವುದು ಎಳೆಗಳ ನಡುವಿನ ಸಂಬಂಧ. ಸುತ್ತು ಬಿದ್ದ ಎಳೆಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಎಳೆದಷ್ಟೂ ಆ ಒತ್ತು ಹೆಚ್ಚುತ್ತದೆ. ಹುರಿಯಿಲ್ಲದ ನಾರಿನ ಕಟ್ಟನ್ನು ಜಗ್ಗಿದರೆ ನಾರುಗಳು ಜಾರಿ ಬೇರೆಯಾಗುತ್ತವೆ; ಹುರಿ ಬಿದ್ದ ಹಗ್ಗವನ್ನು ಜಗ್ಗಿದರೆ ಅದು ಇನ್ನೂ ಬಿಗಿಯಾಗುತ್ತದೆ. ಹಗ್ಗದಲ್ಲಿ ಮತ್ತೂ ಒಂದು ಜಾಣತನವಿದೆ. ನಾರನ್ನು ಒಂದು ದಿಕ್ಕಿಗೆ ತಿರುವಿ ಎಳೆ ಮಾಡಿ, ಎರಡು ಮೂರು ಎಳೆಗಳನ್ನು ಎದುರು ದಿಕ್ಕಿಗೆ ತಿರುವಿ ಹಗ್ಗ ಮಾಡುತ್ತಾರೆ. ಪ್ರತಿ ಎಳೆಯೂ ಬಿಚ್ಚಿಕೊಳ್ಳಲು ನೋಡುತ್ತದೆ. ಆ ಬಿಚ್ಚಿಕೊಳ್ಳುವ ತವಕವೇ ಉಳಿದ ಎಳೆಗಳನ್ನು ಕಟ್ಟಿಹಾಕುತ್ತದೆ. ಭಾರ ಬಿದ್ದಾಗ ಗಟ್ಟಿಯಾಗುವ ಈ ಗುಣವನ್ನು ದಿನವೂ ಕೈಯಲ್ಲಿ ಹಿಡಿದು ಬಲ್ಲ ಜನ ಧೈರ್ಯದ ವಿಚಾರಕ್ಕೆ ಹುರಿಯ ಮಾತನ್ನು ತಂದರು. ಧೈರ್ಯ ಬೇಕಾಗುವುದು ಭಾರ ಬಿದ್ದಾಗಲೇ ತಾನೆ?

ಎರಡನೆಯ ಭಾಗವಾದ ‘ತುಂಬು’ ಇಲ್ಲಿ ಯಾವ ಅರ್ಥದಲ್ಲಿದೆ ಎಂಬುದು ಅಷ್ಟು ಸರಳವಲ್ಲ. ಸಾಮಾನ್ಯವಾಗಿ ಕೊಡುವ ವಿವರಣೆ ಹುರಿಯನ್ನು ತುಂಬಿಸು, ಅಂದರೆ ಬಲವನ್ನು ಒಳಗೆ ಹಾಕು, ಎಂಬುದು. ಕೊಡಕ್ಕೆ ನೀರು ತುಂಬಿದ ಹಾಗೆ ಬರಿದಾದ ಮನುಷ್ಯನಿಗೆ ಧೈರ್ಯ ತುಂಬುವುದು ಎಂಬ ಚಿತ್ರ ಇದು. ಈ ವಿವರಣೆ ತಪ್ಪೆನ್ನಲಾಗದು, ಆದರೆ ಸಾಲದು. ಕನ್ನಡದಲ್ಲಿ ತುಂಬು ಎಂಬುದಕ್ಕೆ ಪೂರ್ತಿಯಾಗು, ಅಳತೆ ಮುಟ್ಟು ಎಂಬ ಅರ್ಥವೂ ಅಷ್ಟೇ ಗಟ್ಟಿಯಾಗಿದೆ. ಮಗುವಿಗೆ ವರ್ಷ ತುಂಬಿತು ಎನ್ನುತ್ತೇವೆ. ದಿನ ತುಂಬಿದ ಬಸುರಿ ಎನ್ನುತ್ತೇವೆ. ಅಲ್ಲಿ ವರ್ಷವನ್ನಾಗಲಿ ದಿನವನ್ನಾಗಲಿ ಯಾರೂ ಹೊರಗಿನಿಂದ ಸುರಿಯುವುದಿಲ್ಲ. ಮೈದುಂಬಿ ಹರಿಯುವ ಹೊಳೆ ಎಂದಾಗಲೂ ತುಂಬುವುದು ಹೊಳೆಯ ಮೈಯೇ. ಈ ಸಾಲಿನಲ್ಲಿಟ್ಟು ನೋಡಿದರೆ ಹುರಿದುಂಬು ಎಂದರೆ ಹುರಿ ತನ್ನ ಪೂರ್ತಿ ಅಳತೆಗೆ ಬರುವುದು. ಹುರಿದುಂಬಿಸು ಎಂದರೆ ಅದು ಹಾಗೆ ಬರುವಂತೆ ಮಾಡುವುದು. ಅರೆಹುರಿಯ ನೂಲು ಮಗ್ಗಕ್ಕೆ ಏರಿದರೆ ತುಂಡಾಗುತ್ತದೆ. ಅದಕ್ಕೆ ಬೇಕಾದದ್ದು ಬೇರೆ ನೂಲಲ್ಲ, ಇನ್ನಷ್ಟು ಸುತ್ತು. ಪದವನ್ನು ಹೀಗೆ ಅರ್ಥ ಮಾಡಿಕೊಂಡರೆ ರೂಪವೂ ಬಳಕೆಯೂ ಒಟ್ಟಿಗೆ ಹೊಂದುತ್ತವೆ.

ಈ ವ್ಯುತ್ಪತ್ತಿಗೆ ಆಕ್ಷೇಪಗಳು ಬರುವುದು ಸಹಜ, ಏಕೆಂದರೆ ಇಂದಿನ ಪೇಟೆಯ ಕನ್ನಡದಲ್ಲಿ ಹುರಿ ಎಂದೊಡನೆ ನೆನಪಾಗುವುದು ಬಾಣಲೆ. ಕಡಲೆಕಾಯಿ ಹುರಿಯುವುದು, ಹುರಿಗಡಲೆ, ಹುರಿಹಿಟ್ಟು, ಪುರಿ ಎಂಬ ಮಂಡಕ್ಕಿ ಇವೆಲ್ಲ ಇನ್ನೊಂದು ಹುರಿಯ ಸಂತಾನ. ಬೆಂಕಿಯ ಕಾವಿನಿಂದ ಕಾಳು ಅರಳುವಂತೆ ಮಾತಿನ ಕಾವಿನಿಂದ ಮನಸ್ಸು ಅರಳುತ್ತದೆ, ಆದ್ದರಿಂದ ಹುರಿದುಂಬಿಸು ಬಾಣಲೆಯಿಂದ ಬಂದಿರಬಹುದಲ್ಲ ಎಂದು ಕೇಳಬಹುದು. ವ್ಯಾಕರಣ ಇದಕ್ಕೆ ಒಪ್ಪುವುದಿಲ್ಲ. ಕಾಯಿಸುವ ಅರ್ಥದ ಹುರಿ ಕ್ರಿಯೆಯ ಧಾತು; ಹುರಿಗಡಲೆಯಲ್ಲಿ ಅದು ಮುಂದಿನ ವಸ್ತುವನ್ನು ವಿಶೇಷಿಸುತ್ತದೆಯೇ ಹೊರತು ತಾನೇ ಒಂದು ವಸ್ತುವಾಗಿ ತುಂಬುವುದಕ್ಕೆ ಒದಗುವುದಿಲ್ಲ. ಹುರಿದು, ಉಂಬಿಸು ಎಂದು ಬಿಡಿಸಿ, ಕಾಳು ಹುರಿದು ಉಣ್ಣಿಸುವುದು ಎಂದು ಹೇಳಲು ಹೊರಟರೆ ಅದೂ ನಿಲ್ಲದು. ಉಂಬ, ತಿಂಬ, ಕಾಂಬ ಎಂಬಲ್ಲಿ ಕಾಣುವ ಆ ಮಕಾರ ಬಕಾರಗಳು ಮಾಡಿಸುವ ಅರ್ಥದ ರೂಪಕ್ಕೆ ಬರುವುದಿಲ್ಲ. ಅಲ್ಲಿ ಉಣಿಸು, ತಿನಿಸು, ಕಾಣಿಸು ಎಂಬವೇ ಕನ್ನಡದ ರೂಪಗಳು. ಮೂರನೆಯ ಆಕ್ಷೇಪ ಹುರುಪಿನದು. ಹುರುಪು ತುಂಬಿಸು ಎಂಬುದೇ ಸವೆದು ಹುರಿದುಂಬಿಸು ಆಗಿರಬಾರದೇಕೆ? ಅರ್ಥ ಹತ್ತಿರವಿರುವುದು ನಿಜ. ಆದರೆ ಹಾಗೆ ಸವೆಯಲು ನಡುವಿನ ಪು ಬಿದ್ದುಹೋಗಿ ಉಕಾರ ಇಕಾರವೂ ಆಗಬೇಕು. ಕನ್ನಡದ ಸಮಾಸಗಳಲ್ಲಿ ಅಂಥ ನಡೆ ಕಾಣುವುದಿಲ್ಲ. ಹುರುಪು ತುಂಬು ಎಂಬ ಮಾತು ಇಂದಿಗೂ ಬೇರೆಯಾಗಿ, ಇಡಿಯಾಗಿಯೇ ಬಳಕೆಯಲ್ಲಿದೆ.

ಹುರಿಯ ಪಕ್ಷದಲ್ಲಿ ನಿಲ್ಲುವ ಜೀವಂತ ಸಾಕ್ಷಿಗಳು ಅದರ ಒಡಹುಟ್ಟಿದ ಪದಗಳು. ಕಸರತ್ತಿನಿಂದ ಗಟ್ಟಿಯಾದ ದೇಹವನ್ನು ಹುರಿಗಟ್ಟಿದ ಮೈ ಎನ್ನುತ್ತೇವೆ. ತಿರುವಿ ನಿಲ್ಲಿಸಿದ ಮೀಸೆ ಹುರಿಮೀಸೆ. ಸಡಿಲವಾದದ್ದನ್ನು ಬಲಪಡಿಸುವುದು ಹುರಿಗೊಳಿಸುವುದು. ಅಖಾಡಕ್ಕೆ ಇಳಿಯಬಲ್ಲ ಕಸುವುಳ್ಳ ಆಳು ಹುರಿಯಾಳು. ಈ ಕೊನೆಯ ಪದವನ್ನು ಪತ್ರಿಕೆಗಳು ಚುನಾವಣೆಯ ಅಭ್ಯರ್ಥಿಗೆ ಒಗ್ಗಿಸಿಕೊಂಡಿವೆ. ಟಿಕೆಟ್ ಹಂಚಿಕೆಯ ದಿನಗಳಲ್ಲಿ ಯಾವ ಕ್ಷೇತ್ರಕ್ಕೆ ಯಾರು ಹುರಿಯಾಳು ಎಂಬುದು ಮುಖಪುಟದ ತಲೆಬರಹ. ಇವುಗಳಲ್ಲಿ ಯಾವುದನ್ನೂ ಬಾಣಲೆಗೆ ಜೋಡಿಸಲಾಗದು.

ತಿರುವುವ ಕೆಲಸಕ್ಕೆ ಕನ್ನಡದಲ್ಲಿ ಬೇರೆ ಪದಗಳೂ ಇದ್ದವು, ಅವು ಯಾವುವೂ ಧೈರ್ಯದ ಕಡೆಗೆ ಬರಲಿಲ್ಲ. ನುಲಿ ಎಂಬುದನ್ನೇ ನೋಡಿ. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯ ಹುಲ್ಲು ಕೊಯ್ದು ತಂದು ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ದಾಸೋಹ ಮಾಡಿದವನು. ಕಾಯಕವೇ ಅವನ ಹೆಸರಿಗೆ ಅಂಟಿಕೊಂಡಿತು. ಹುಲ್ಲು ಕೊಯ್ಯುವಾಗ ಕಳಚಿಬಿದ್ದ ಲಿಂಗಕ್ಕಿಂತ ಕೈಯಲ್ಲಿದ್ದ ಕೆಲಸವೇ ದೊಡ್ಡದೆಂದು ನಡೆದ ಅವನ ಕಥೆ ಶರಣರ ಚರಿತೆಗಳಲ್ಲಿ ಪ್ರಸಿದ್ಧ. ಇಷ್ಟು ಘನತೆಯ ಕಾಯಕದ ಪದವಾದರೂ ನುಲಿ ಮುಂದೆ ಬೇರೆ ದಾರಿ ಹಿಡಿಯಿತು: ಹೊಟ್ಟೆ ನುಲಿಯುತ್ತದೆ, ಬಿನ್ನಾಣದ ಮಾತು ನುಲಿಯುತ್ತದೆ. ತಿರುಚು ಎಂಬುದು ಹೇಳಿಕೆಯನ್ನು ತಿರುಚುವ, ಸತ್ಯವನ್ನು ಸೊಟ್ಟ ಮಾಡುವ ಅರ್ಥಕ್ಕೆ ಇಳಿಯಿತು. ಹೊಸೆ ಎಂಬುದು ಬತ್ತಿ ಹೊಸೆಯುವುದರಿಂದ ಸುಳ್ಳು ಹೊಸೆಯುವವರೆಗೆ ಹೋಯಿತು. ಈ ಮೂರೂ ತಿರುವುವ ಚಲನೆಯನ್ನು ಹೇಳುತ್ತವೆ. ಕೈ ಆಡುತ್ತಿರುವ ಹೊತ್ತು ಅವುಗಳದು. ಹುರಿ ಮಾತ್ರ ಚಲನೆ ಮುಗಿದ ಮೇಲೂ ಒಳಗೆ ನಿಂತ ಬಿಗಿಯನ್ನು ಹೇಳುತ್ತದೆ. ಧೈರ್ಯಕ್ಕೆ ಅದೇ ಒದಗಿತು. ಹೊಗಳಿ ಅಟ್ಟಕ್ಕೇರಿಸಿದವರು ಅತ್ತ ಹೋದೊಡನೆ ಇಳಿದುಹೋಗುವ ಉಬ್ಬನ್ನು ಹುರಿದುಂಬಿಸಿದ್ದು ಎಂದು ಯಾರೂ ಕರೆಯುವುದಿಲ್ಲ; ಉಬ್ಬಿಸಿದರು ಎನ್ನುತ್ತಾರೆ.

ಇತರ ಪದಗಳ ಪಕ್ಕದಲ್ಲಿಟ್ಟಾಗ ಇದರ ಬೇರೆತನ ಇನ್ನೂ ಸ್ಪಷ್ಟವಾಗುತ್ತದೆ. ಧೈರ್ಯ ಸಂಸ್ಕೃತದ ಧೀರದಿಂದ ಬಂದದ್ದು. ಧರಿಸು, ತಾಳು ಎಂಬ ಅರ್ಥದ ಧೃ ಧಾತು ಅದರ ಹಿಂದಿದೆ. ತಾಳಿಕೊಳ್ಳುವವನ ಒಂಟಿ ನಿಲುವು ಅಲ್ಲಿನ ಚಿತ್ರ. ಅಭಯ ಎಂದರೆ ಭಯದ ಇಲ್ಲದಿರುವಿಕೆ. ಮೇಲಿನವರು ಕೆಳಗಿನವರಿಗೆ, ದೇವರು ಭಕ್ತರಿಗೆ ಕೊಡುವಂಥದು. ಪ್ರೋತ್ಸಾಹದೊಳಗೆ ಸಹಿಸು, ಗೆಲ್ಲು ಎಂಬ ಅರ್ಥದ ಸಹ್ ಧಾತುವಿದೆ. ನಾಟ್ಯಶಾಸ್ತ್ರದಲ್ಲಿ ವೀರರಸದ ಸ್ಥಾಯಿಭಾವ ಉತ್ಸಾಹ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಉತ್ತೇಜನದಲ್ಲಿರುವುದು ಹರಿತಗೊಳಿಸುವ ಅರ್ಥ. ಇಂಗ್ಲಿಷಿನ ಎನ್‌ಕರೇಜ್ ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ಹೃದಯವಾಚಿ ಪದಕ್ಕೆ ಹೋಗಿ ಮುಟ್ಟುತ್ತದೆ. ಕನ್ನಡದಲ್ಲಿಯೂ ಎದೆ ಈ ಕೆಲಸ ಮಾಡಿದೆ: ಎದೆಗಾರಿಕೆ, ಎಂಟೆದೆ, ಎದೆಗುಂದು. ಮರದ ತಿರುಳಿನ ಗಟ್ಟಿಯಾದ ಕೆಚ್ಚು ಎದೆಯ ಜೊತೆ ಸೇರಿ ಕೆಚ್ಚೆದೆಯಾಗಿದೆ. ಆದರೆ ಎದೆ, ಕೆಚ್ಚು ಎರಡೂ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎನ್ನುವಂಥವು. ಎಳೆಯ ಮರಕ್ಕೆ ಯಾರೂ ಕೆಚ್ಚು ಕೊಡಲಾರರು, ಅದು ವಯಸ್ಸಾದಂತೆ ತಾನೇ ಬಲಿಯಬೇಕು. ಮತ್ತೊಬ್ಬರು ಕೈ ಹಾಕಿ ಮಾಡಬಹುದಾದದ್ದು ಎಂಬ ತಿಳಿವಳಿಕೆ ಇರುವುದು ಹುರಿಯಲ್ಲಿ.

ಇಲ್ಲಿ ಎಲ್ಲಕ್ಕಿಂತ ಬಲವಾದ ಆಕ್ಷೇಪ ಎದುರಾಗುತ್ತದೆ. ಪದದ ಹುಟ್ಟು ಅದರ ಇಂದಿನ ಅರ್ಥವನ್ನು ಕಟ್ಟಿಹಾಕುವುದಿಲ್ಲ. ಬೆಂಗಳೂರಿನ ರಾಜಾಜಿನಗರದ ಮೈದಾನದಲ್ಲಿ ಕಬಡ್ಡಿ ತಂಡವನ್ನು ಹುರಿದುಂಬಿಸುವ ಹುಡುಗರ ಮನಸ್ಸಿನಲ್ಲಿ ಹಗ್ಗವೂ ಇಲ್ಲ, ಕದಿರೂ ಇಲ್ಲ. ಮಾತು ನಿಜ. ಹುಟ್ಟೇ ಅರ್ಥ ಎಂದು ವಾದಿಸುವುದು ತಪ್ಪು. ಆದರೆ ಪದವೊಂದು ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಆಡುವವರು ಯೋಚಿಸದೆಯೇ ಬಲ್ಲರು. ಸಾಕ್ಷಿ ಇರುವುದು ಅಲ್ಲಿ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಂಥ ಕಡೆ ಶಸ್ತ್ರಚಿಕಿತ್ಸೆಗೆ ಒಳಗೆ ಹೋದವರ ಮನೆಯವರು ಹೊರಗೆ ಕಾಯುತ್ತಿರುವಾಗ ಬಂಧುಗಳು ಮಾಡುವುದು ಹುರಿದುಂಬಿಸುವುದಲ್ಲ. ‘ಏನೂ ಆಗಲ್ಲ ಅಕ್ಕ, ಧೈರ್ಯವಾಗಿರಿ’ ಎನ್ನುವುದು ಧೈರ್ಯ ಹೇಳುವುದು. ಸಾವಿನ ಮನೆಯಲ್ಲಿ ಸಮಾಧಾನ ಹೇಳುತ್ತೇವೆ. ಅಲ್ಲಿ ಯಾರನ್ನಾದರೂ ಹುರಿದುಂಬಿಸಿದರು ಎಂದರೆ ಕಿವಿಗೆ ಚುಚ್ಚುತ್ತದೆ. ತಾಳಿಕೊಳ್ಳುವುದಷ್ಟೇ ಇರುವ ಕಡೆ ಈ ಪದ ಬರುವುದಿಲ್ಲ, ಎದುರು ಒಂದು ಕೆಲಸ ಇರಬೇಕು. ಹಣಕ್ಕೂ ಇದಕ್ಕೂ ಸಂಬಂಧ ಕೂಡುವುದಿಲ್ಲ. ಹಾಲು ಹಾಕುವ ರೈತರಿಗೆ ಸರ್ಕಾರ ಕೊಡುವುದು ಪ್ರೋತ್ಸಾಹಧನ. ಹಣ ಕೊಟ್ಟು ಹುರಿದುಂಬಿಸಿದರು ಎಂದರೆ ಯಾರೂ ಒಪ್ಪುವುದಿಲ್ಲ, ಏಕೆಂದರೆ ಹಣ ಹೊರಗಿನಿಂದ ಬಂದು ಸೇರುವ ವಸ್ತು. ಪ್ರೋತ್ಸಾಹ, ಉತ್ತೇಜನ ನಾಮಪದಗಳಾಗಿ ಕಚೇರಿಯ ಕಡತ ಸೇರಿದವು. ಹುರಿದುಂಬಿಸು ಬಹುಪಾಲು ಕ್ರಿಯಾಪದವಾಗಿಯೇ ಉಳಿದಿದೆ. ಯಾರೋ ಒಬ್ಬರು ಎದುರು ನಿಂತು ಮಾಡಿದಾಗಲೇ ಅದು ಆಗುವಂಥದು.

ಕನ್ನಡಿಗರು ಕಥೆಯಾಗಿ ಕೇಳುತ್ತ ಬೆಳೆದ ಮಹಾಕಾವ್ಯಗಳಲ್ಲಿ ಧೈರ್ಯ ಕೊಡುವ ಪ್ರಸಂಗಗಳೂ ಈ ಅರ್ಥವನ್ನೇ ಗಟ್ಟಿ ಮಾಡುತ್ತವೆ. ಹನುಮಂತ ಸಮುದ್ರದ ದಡದಲ್ಲಿ ಮೌನವಾಗಿ ಒಂದು ಬದಿಗೆ ಕುಳಿತಿದ್ದಾಗ ಜಾಂಬವಂತ ಅವನಿಗೆ ಹೊಸ ಶಕ್ತಿ ಕೊಡಲಿಲ್ಲ, ವರ ಕೊಡಲಿಲ್ಲ, ಆಯುಧ ಕೊಡಲಿಲ್ಲ. ನೀನು ಯಾರ ಮಗ, ಬಾಲ್ಯದಲ್ಲಿ ಏನು ಮಾಡಿದ್ದೆ ಎಂದು ಅವನದೇ ಬಲವನ್ನು ಎಳೆ ಎಳೆಯಾಗಿ ಎತ್ತಿ ತೋರಿಸಿದ. ವಿರಾಟಪರ್ವದ ಉತ್ತರಕುಮಾರನ ಪ್ರಸಂಗ ಇದಕ್ಕಿಂತ ಕಷ್ಟದ್ದು, ಆದ್ದರಿಂದ ಹೆಚ್ಚು ಕಲಿಸುವಂಥದು. ಅಂತಃಪುರದಲ್ಲಿ ಜಂಬ ಕೊಚ್ಚಿ, ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡಿದ ಆ ಹುಡುಗನಿಂದ ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯೇ ಹುಟ್ಟಿತು. ಓಡಿದವನನ್ನು ಹಿಡಿದು ತಂದ ಬೃಹನ್ನಳೆ, ಅಂದರೆ ವೇಷ ಮರೆಸಿಕೊಂಡಿದ್ದ ಅರ್ಜುನ, ಅವನನ್ನು ಬಿಲ್ಲಾಳನ್ನಾಗಿ ಮಾಡಲು ಹೋಗಲಿಲ್ಲ. ಕುದುರೆಗಳ ಲಗಾಮನ್ನು ಅವನ ಕೈಗೆ ಕೊಟ್ಟು, ಬನ್ನಿಮರದಿಂದ ಆಯುಧ ಇಳಿಸಿಕೊಂಡು, ಯುದ್ಧ ತಾನು ಮಾಡಿದ. ಓಡಿಹೋದವನೇ ಆಮೇಲೆ ಭೀಷ್ಮದ್ರೋಣರ ನಡುವೆ ರಥ ನಡೆಸಿದ. ಅವನಲ್ಲಿ ಇದ್ದ ಎಳೆ ಸಾರಥ್ಯದ್ದು. ಬೃಹನ್ನಳೆ ಹುರಿ ಮಾಡಿದ್ದು ಅದನ್ನು. ಇದಕ್ಕೆ ತಿರುಗುಮುರುಗಾದದ್ದು ಕರ್ಣನ ಸಾರಥಿ ಶಲ್ಯನ ಕಥೆ. ರಥದ ಮೇಲೆಯೇ ಕುಳಿತು ಮಾತಿನಿಂದ ಕರ್ಣನ ಬಿಗಿಯನ್ನು ಬಿಚ್ಚುತ್ತ ಹೋದ ಆ ಕೆಲಸಕ್ಕೆ ತೇಜೋವಧೆ ಎಂಬ ಹೆಸರು. ಇಂದಿನ ಕನ್ನಡದಲ್ಲಿ ಅದು ಮಾನ ಕಳೆಯುವ ಅರ್ಥಕ್ಕೆ ಸರಿದಿದ್ದರೂ, ಮೂಲದಲ್ಲಿ ಹುರಿದುಂಬಿಸುವುದರ ನೇರ ವಿರುದ್ಧ ಪದ ಅದೇ.

ಒಬ್ಬರನ್ನು ಹುರಿದುಂಬಿಸುವುದು ಇದ್ದರೂ ಈ ಪದಕ್ಕೆ ಹೆಚ್ಚು ಒಗ್ಗಿದ್ದು ಗುಂಪು: ತಂಡ, ಸೇನೆ, ಕಾರ್ಮಿಕರು, ನಾಡಿನ ಜನ. ಎಳೆ ಒಂದಕ್ಕಿಂತ ಹೆಚ್ಚಿದ್ದಾಗಲೇ ಹುರಿಗೆ ಕೆಲಸ ಎಂಬುದನ್ನು ನೆನೆದರೆ ಇದು ಸಹಜ. 1949ರಲ್ಲಿ ಕೈಗಾರಿಕಾ ಉಪನಗರವಾಗಿ ಶುರುವಾಗಿ ರಾಜಾಜಿಯವರ ಹೆಸರು ಹೊತ್ತ ರಾಜಾಜಿನಗರ ಕಾರ್ಖಾನೆಯ ಕೆಲಸಗಾರರ ಸೀಮೆಯಾಗಿ ಬೆಳೆಯಿತು. ಸಂಘಟನೆಯ ಭಾಷಣಗಳಲ್ಲಿ ಈ ಪದ ಸಹಜವಾಗಿ ಒಗ್ಗುವುದು ಅಂಥ ಕಡೆಗಳಲ್ಲಿ. ಗುಂಪನ್ನು ಹುರಿದುಂಬಿಸುವುದರ ದೊಡ್ಡ ಉದಾಹರಣೆ ಗೋಕಾಕ್ ಚಳವಳಿ. ವಿ. ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟ ಮೇಲೆ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ಸಾಹಿತಿಗಳು, ವಿದ್ಯಾರ್ಥಿಗಳು, ಕನ್ನಡ ಸಂಘಗಳು ಅಲ್ಲಲ್ಲಿ ಹೋರಾಡುತ್ತಿದ್ದರು. 1982ರಲ್ಲಿ ನಟ ಡಾ. ರಾಜ್‌ಕುಮಾರ್ ಹೋರಾಟಕ್ಕೆ ಇಳಿದು ಊರೂರು ಸುತ್ತಿದಾಗ ಅದು ಇಡೀ ನಾಡಿನ ಚಳವಳಿಯಾಯಿತು. ಜನರಲ್ಲಿ ಭಾಷೆಯ ಅಭಿಮಾನ ಅದುವರೆಗೆ ಇರಲಿಲ್ಲವೇ ಎಂದರೆ, ಇತ್ತು. ಚದುರಿಕೊಂಡಿತ್ತು. ಅವರು ಕನ್ನಡಿಗರನ್ನು ಹುರಿದುಂಬಿಸಿದರು ಎಂದು ಬರೆಯುವಾಗ ಬೇರೆ ಯಾವ ಕ್ರಿಯಾಪದವೂ ಅಷ್ಟು ಸರಿಯಾಗಿ ಕೂರುವುದಿಲ್ಲ.

ಹುರಿಗೂ ಒಂದು ಮಿತಿ ಉಂಟು. ಅಳತೆ ಮೀರಿ ತಿರುವಿದ ನೂಲು ತನ್ನ ಮೇಲೆ ತಾನೇ ಸುರುಳಿ ಸುತ್ತಿಕೊಂಡು ಸಿಕ್ಕಾಗುತ್ತದೆ, ಕೊನೆಗೆ ಕಡಿಯುತ್ತದೆ. ಧೈರ್ಯ ಕೊಡುವುದು ಕೆರಳಿಸುವುದಾಗಿ ತಿರುಗುವ ಅಪಾಯವೂ ಇಂಥದ್ದೇ. ತೆಲುಗಿನ ಪುರಿಕೊಲ್ಪು ಒಳ್ಳೆಯ ಕೆಲಸಕ್ಕೂ ಹೊಡೆದಾಟಕ್ಕೂ ಎರಡಕ್ಕೂ ಸಲ್ಲುತ್ತದೆ. ಕನ್ನಡ ಈ ಎರಡನ್ನು ಬೇರೆ ಮಾಡಿಕೊಂಡಿದೆ: ಕೇಡಿಗೆ ದೂಡುವುದಕ್ಕೆ ಪ್ರಚೋದಿಸು, ಎತ್ತಿಕಟ್ಟು, ಕುಮ್ಮಕ್ಕು ಕೊಡು ಎಂಬ ಮಾತುಗಳಿವೆ. ಕುಮ್ಮಕ್ಕಿನ ಪಯಣವೇ ಒಂದು ಕಥೆ. ನೆರವು, ಬೆಂಬಲದ ಪಡೆ ಎಂಬ ಅರ್ಥದ ತುರ್ಕಿ ಮೂಲದ ಕುಮಕ್ ಪಾರಸಿ, ಹಿಂದೂಸ್ತಾನಿಗಳ ಮೂಲಕ ಬಂದು ಇಲ್ಲಿ ನೆಲೆಸಿತು. ದಕ್ಷಿಣ ಕನ್ನಡದಲ್ಲಿ ಸಾಗುವಳಿ ಜಮೀನಿಗೆ ನೆರವಾಗಿ ಸೊಪ್ಪು ಸೌದೆಗೆ ಒದಗುವ ಸರ್ಕಾರಿ ನೆಲ ಕುಮ್ಕಿಯಾಗಿ ಅದರ ಹಳೆಯ ಒಳ್ಳೆಯ ಅರ್ಥ ಉಳಿದಿದೆ. ಉಳಿದ ಕಡೆ ಅದು ಪೊಲೀಸರ ದೂರಿನಲ್ಲಿ ಬರುವ ಪದವಾಯಿತು. ಗಲಭೆ ಮಾಡಿಸಿದವರ ಬಗ್ಗೆ ಬರೆಯುವಾಗ ಯಾವ ವರದಿಗಾರರೂ ಹುರಿದುಂಬಿಸಿದರು ಎನ್ನುವುದಿಲ್ಲ. ಬಳಸುವವರು ಈ ಪದಕ್ಕೆ ತಾವಾಗಿಯೇ ಹಾಕಿಕೊಂಡಿರುವ ಗೆರೆ ಇದು.

ಬೆಂಗಳೂರಿನ ಇಂದಿನ ಮಾತಿನಲ್ಲಿ ಮೋಟಿವೇಟ್ ಮಾಡು, ಚಿಯರ್ ಮಾಡು, ಬೂಸ್ಟ್ ಕೊಡು ಎಂಬವು ಹುರಿದುಂಬಿಸುವ ಜಾಗವನ್ನು ಒಂದಿಷ್ಟು ಹಿಡಿದಿವೆ. ಕಂಪನಿಯ ಸಭೆ, ಕೋಚಿಂಗ್ ಕ್ಲಾಸುಗಳಲ್ಲಿ ಮೋಟಿವೇಷನ್ ಎಂಬುದು ಗಂಟೆಯ ಲೆಕ್ಕದಲ್ಲಿ ಕೊಡುವ ಉಪನ್ಯಾಸವೇ ಆಗಿಬಿಟ್ಟಿದೆ. ಆದರೂ ಬರವಣಿಗೆಯಲ್ಲಿ, ಮೈದಾನದಲ್ಲಿ, ವೇದಿಕೆಯಲ್ಲಿ ಹಳೆಯ ಪದ ಸವೆದಿಲ್ಲ. ಸವೆಯುತ್ತಿರುವುದು ಅದರ ಬೇರಿನ ನೆನಪು. ಹುರಿ ಎಂದರೆ ಬಾಣಲೆಯೊಂದೇ ಎಂದು ತಿಳಿದು ಬೆಳೆಯುತ್ತಿರುವ ತಲೆಮಾರಿಗೆ ಪದಕೋಶಗಳು ಈ ನಂಟನ್ನು ಎತ್ತಿ ತೋರಿಸಬೇಕು. ಅಕಾರಾದಿಯಲ್ಲಿ ಹುರಿದುಂಬಿಸು ಒಂಟಿಯಾಗಿ ನಿಲ್ಲದೆ, ಕಾಯಿಸುವ ಹುರಿಯಿಂದ ಬೇರೆಯಾಗಿ, ನೂಲಿನ ಹುರಿಯ ಅಡಿಯಲ್ಲಿ ಹುರಿಗೊಳಿಸು, ಹುರಿಗಟ್ಟು, ಹುರಿಮೀಸೆ, ಹುರಿಯಾಳುಗಳ ಸಾಲಿನಲ್ಲಿ, ತೆಲುಗಿನ ಪುರಿಕೊಲ್ಪುವಿನ ಉಲ್ಲೇಖದೊಂದಿಗೆ ಬರಬೇಕು.